ಶ್ರೀ ಬಸಪ್ಪ ದಾನಪ್ಪ ಜತ್ತಿಯವರ ರಾಜಕೀಯ ಜೀವನ

ಶ್ರೀಮಠದ ಮಹೋತ್ಸವದ ಸ್ಮಾರಕವಾಗಿ ಹೊರಡುತ್ತಲಿರುವ ಈ ಗ್ರಂಥದಲ್ಲಿ ಗುರುಪರಂಪರೆಯ ಮಹಿಮೆಯನ್ನೂ ಶರಣರ ಚರಿತ್ರೆಗಳನ್ನೂ ಓದಬೇಕೆಂದು ಅಪೇಕ್ಷಿಸುವ ಭಕ್ತಮಹಾಶಯರಿಗೆ, ಒಬ್ಬ ರಾಜಕಾರಣಿಯ ಜೀವನವು ಇಲ್ಲಿ ಏಕೆ ಬಂದಿತೆಂಬ ಶಂಕೆ ಉಂಟಾಗಬಹುದು. ಶಂಕೆಯು ಸಹಜವಾದದ್ದೇ. ರಾಜಕಾರಣವೆಂದರೆ ಕಪಟ, ಮಠವೆಂದರೆ ವೈರಾಗ್ಯ ಎಂದು ಇವೆರಡನ್ನೂ ಬೇರೆಬೇರೆ ದಡಗಳ ಮೇಲೆ ಇರಿಸಿ ನೋಡುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವದು. ಆದರೆ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತವರೆಂಬದನ್ನು ನಾವು ಮರೆಯಲಾಗದು. ಅಧಿಕಾರವನ್ನು ಕೈಯಲ್ಲಿ ಹಿಡಿದೂ ಅದಕ್ಕೆ ಅಂಟಿಕೊಳ್ಳದೆ ಇರುವದು ಮನುಷ್ಯನಿಗೆ ಸಾಧ್ಯವೇ ಎಂಬ ಪ್ರಶ್ನೆಯು ಅಂದಿನಿಂದ ಇಂದಿನ ವರೆಗೂ ನಮ್ಮ ಸಮಾಜದ ಮುಂದೆ ನಿಂತೇ ಇದೆ. ಆ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಎದುರಿಸಿದವರಲ್ಲಿ ಜಮಖಂಡಿಯ ಶಾಸನಸಭಾ ಸದಸ್ಯರಾಗಿ ಬೆಳೆದು, ಮುಖ್ಯಮಂತ್ರಿಗಳಾಗಿ, ಕೊನೆಗೆ ಐದೂವರೆ ತಿಂಗಳ ಕಾಲ ಭಾರತದ ರಾಷ್ಟ್ರಪತಿಯ ಕಾರ್ಯಭಾರವನ್ನು ನಿರ್ವಹಿಸಿದ ಶ್ರೀ ಬಸಪ್ಪ ದಾನಪ್ಪ ಜತ್ತಿಯವರು ಒಬ್ಬರು. ಅವರ ಜೀವನದಲ್ಲಿ ಹೊಗಳಿಕೆಗೆ ಯೋಗ್ಯವಾದದ್ದುಂಟು. ವಿಚಾರ ಮಾಡಿ ನೋಡತಕ್ಕದ್ದೂ ಉಂಟು. ಎರಡನ್ನೂ ಮುಚ್ಚುಮರೆಯಿಲ್ಲದೆ ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶವು.

ಸಂಸ್ಥಾನದ ದಿವಾಣಗಿರಿ

ಜತ್ತಿಯವರು 1912ನೆಯ ಇಸವಿಯ ಸಪ್ಟಂಬರ 10ನೆಯ ತಾರೀಖಿನಂದು ಸಾವಳಗಿಯಲ್ಲಿ ಜನಿಸಿದರು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಈ ಊರು ಜಮಖಂಡಿಯ ಸೀಮೆಯದು. ಜಮಖಂಡಿಯು ಆಗ ಪಟವರ್ಧನ ಮನೆತನದ ಅರಸರ ಆಳ್ವಿಕೆಯಲ್ಲಿದ್ದ ಸಣ್ಣ ಸಂಸ್ಥಾನ. ಅರಸರದು ಮರಾಠಿ, ಪ್ರಜೆಗಳದು ಕನ್ನಡ. ಮುಂಬಯಿ ಕರ್ನಾಟಕದಲ್ಲಿ ಇಂಥ ಸಂಸ್ಥಾನಗಳು ಅಲ್ಲಲ್ಲಿ ಚದರಿಕೊಂಡಿದ್ದು, ಕನ್ನಡನಾಡು ತನ್ನನ್ನು ತಾನು ಒಂದೆಂದು ತಿಳಿಯಲಿಕ್ಕೆ ದೊಡ್ಡ ಅಡ್ಡಿಯಾಗಿದ್ದವು. ಇಂಥ ಸೀಮೆಯ ಬುದ್ಧಿವಂತ ಹುಡುಗನು ಹೆಚ್ಚಿನ ವಿದ್ಯೆಯನ್ನು ಅರಸಿಕೊಂಡು ಕೊಲ್ಹಾಪುರಕ್ಕೆ ಹೋಗುವದು ಆ ಕಾಲದ ರೂಢಿ. ಜತ್ತಿಯವರೂ ಹಾಗೆಯೇ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಕಾಯಿದೆಯ ಪದವಿಯನ್ನು ಸಂಪಾದಿಸಿ, ಜಮಖಂಡಿಗೆ ಮರಳಿ ವಕೀಲಿಯನ್ನು ಆರಂಭಿಸಿದರು.

ಅವರ ಸಾರ್ವಜನಿಕ ಜೀವನವು ಆರಂಭವಾದದ್ದು ಪುರಸಭೆಯಿಂದ. 1940ರಲ್ಲಿ ಜಮಖಂಡಿಯ ಪುರಸಭೆಗೆ ಸದಸ್ಯರಾಗಿ ಬಂದರು; 1945ರಲ್ಲಿ ಅದರ ಅಧ್ಯಕ್ಷರಾದರು. ನೀರು, ಬೀದಿ, ದೀಪ, ಗಟಾರ ಇವುಗಳ ವ್ಯವಸ್ಥೆಯಲ್ಲಿ ರಾಜಕಾರಣದ ಮೊದಲನೆಯ ಪಾಠವನ್ನು ಕಲಿತವನು ಮುಂದೆ ಎಷ್ಟು ಎತ್ತರಕ್ಕೆ ಏರಿದರೂ ಜನರ ನಿತ್ಯದ ಕಷ್ಟವನ್ನು ಪೂರ್ತಿಯಾಗಿ ಮರೆಯಲಾರನು. ಅಲ್ಲಿಂದ ಸಂಸ್ಥಾನದ ಶಾಸನಸಭೆಗೆ ಆರಿಸಿಬಂದು, ಮಂತ್ರಿಯಾಗಿ, ಕೊನೆಗೆ 1948ರಲ್ಲಿ ಸಂಸ್ಥಾನದ ದಿವಾಣರಾದರು. ಆಗ ಅವರಿಗೆ ಮೂವತ್ತಾರು ವರುಷಗಳೂ ತುಂಬಿರಲಿಲ್ಲ.

ದಿವಾಣಗಿರಿಯು ದೊರೆತ ಕೂಡಲೆ ಅದನ್ನು ಮುಗಿಸುವ ಕೆಲಸವೂ ಅವರ ಪಾಲಿಗೆ ಬಂದಿತು. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದಿತು. ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳು ಒಂದೊಂದಾಗಿ ಉಳಿದುಕೊಳ್ಳುವದು ಅಸಾಧ್ಯವಾಗಿದ್ದಿತು. ಅರಸರಾದ ಶಂಕರರಾವ ಪಟವರ್ಧನರೊಡನೆ ಸೌಹಾರ್ದವನ್ನು ಕೆಡಿಸಿಕೊಳ್ಳದೆಯೇ ಜತ್ತಿಯವರು ವಿಲೀನದ ಕಾರ್ಯವನ್ನು ನೆರವೇರಿಸಿದರು. 1948ನೆಯ ಮಾರ್ಚ 8ನೆಯ ತಾರೀಖಿಗೆ ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು. ರಾಜ್ಯವೂ ಹೋಯಿತು, ದಿವಾಣಗಿರಿಯೂ ಹೋಯಿತು. ಜತ್ತಿಯವರು ತಮ್ಮ ಕರಿಯ ಕೋಟನ್ನು ತಿರುಗಿ ತೊಟ್ಟು ನ್ಯಾಯಾಲಯದ ಮೆಟ್ಟಿಲನ್ನು ಏರಿದರು. ಇಪ್ಪತ್ತು ತಿಂಗಳುಗಳ ವರೆಗೆ ವಕೀಲಿಯನ್ನೇ ಮಾಡಿಕೊಂಡಿದ್ದರು. ನಿನ್ನೆ ದಿವಾಣನಾಗಿದ್ದವನು ಇಂದು ಕಕ್ಷಿಗಾರನ ಕಾಗದಗಳನ್ನು ಹಿಡಿದು ನಿಲ್ಲುವದು ಹೇಳಿದಷ್ಟು ಸುಲಭವಲ್ಲ. ಅವರ ಮುಂದಿನ ಜೀವನವನ್ನು ತಿಳಿಯಬೇಕೆನ್ನುವವರು ಈ ಇಪ್ಪತ್ತು ತಿಂಗಳುಗಳನ್ನು ಮರೆಯಬಾರದು.

ಮುಂಬಯಿಯಿಂದ ಬೆಂಗಳೂರಿಗೆ

1949ರಲ್ಲಿ ವಿಲೀನವಾದ ಸೀಮೆಗಳ ಪ್ರತಿನಿಧಿಯೆಂದು ಅವರನ್ನು ಮುಂಬಯಿಯ ಶಾಸನಸಭೆಗೆ ನಾಮಕರಣ ಮಾಡಲಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ಮುಖ್ಯಮಂತ್ರಿಗಳಾದ ಬಾಳಾಸಾಹೇಬ ಖೇರರ ಸಂಸದೀಯ ಕಾರ್ಯದರ್ಶಿಗಳಾಗಿ ಅವರನ್ನು ನೇಮಿಸಲಾಯಿತು. 1952ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಜಮಖಂಡಿಯ ಮತದಾರರೇ ಅವರನ್ನು ಆರಿಸಿ ಕಳಿಸಿದರು. ಬಳಿಕ ಮೊರಾರಜಿ ದೇಸಾಯಿಯವರ ಮಂತ್ರಿಮಂಡಲದಲ್ಲಿ ಆರೋಗ್ಯ ಹಾಗೂ ಕಾರ್ಮಿಕ ಇಲಾಖೆಗಳ ಉಪಮಂತ್ರಿಗಳಾಗಿ ನಾಡುಗಳ ಪುನರ್ರಚನೆಯಾಗುವ ವರೆಗೆ ಕೆಲಸ ಮಾಡಿದರು. ಮೊರಾರಜಿಯವರು ನಿಷ್ಠುರ ಸ್ವಭಾವದವರು, ನಿಯಮಕ್ಕೆ ಕಟ್ಟುಬಿದ್ದವರು. ಅವರ ಕೈಕೆಳಗೆ ಇದ್ದ ಈ ಉಪಮಂತ್ರಿಯು ಇಪ್ಪತ್ತೈದು ವರುಷಗಳ ಬಳಿಕ ಅವರಿಗೇ ಭಾರತದ ಪ್ರಧಾನಮಂತ್ರಿಯ ಪ್ರಮಾಣವಚನವನ್ನು ಬೋಧಿಸುವ ಯೋಗವಿದ್ದಿತೆಂದು ಆಗ ಯಾರು ತಾನೆ ಊಹಿಸಿದ್ದಾರು?

1956ನೆಯ ನವಂಬರ 1ಕ್ಕೆ ಕನ್ನಡಿಗರ ಬಹುದಿನದ ಬಯಕೆಯು ಕೈಗೂಡಿತು. ಮುಂಬಯಿಯ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಮೂರು ಜಿಲ್ಲೆಗಳು, ಮದ್ರಾಸಿನ ದಕ್ಷಿಣ ಕನ್ನಡ, ಕೊಡಗು, ಹಳೆಯ ಮೈಸೂರು ಇವೆಲ್ಲವೂ ಒಂದೇ ರಾಜ್ಯವಾದವು. ಶ್ರೀ ಎಸ್. ನಿಜಲಿಂಗಪ್ಪನವರು ಮೊದಲನೆಯ ಮುಖ್ಯಮಂತ್ರಿಗಳಾದರು. ಜತ್ತಿಯವರು ಮೈಸೂರು ಶಾಸನಸಭೆಯ ಸದಸ್ಯರಾದರು. ಸಂಸ್ಥಾನದ ಸಭೆ, ಮುಂಬಯಿಯ ಸಭೆ, ಮೈಸೂರಿನ ಸಭೆ ಹೀಗೆ ಮೂರು ಶಾಸನಸಭೆಗಳಲ್ಲಿ ಕುಳಿತರೂ ಅವರು ಪ್ರತಿನಿಧಿಸಿದ ಸೀಮೆಯು ಒಂದೇ. ಊರು ಇದ್ದಲ್ಲಿಯೇ ಇದ್ದಿತು. ಅದರ ಮೇಲಿನ ಸರಕಾರಗಳು ಬದಲಾದವು. 1957, 1962, 1967 ಈ ಮೂರು ಚುನಾವಣೆಗಳಲ್ಲಿಯೂ ಜಮಖಂಡಿಯು ಅವರನ್ನು ಬಿಟ್ಟುಕೊಡಲಿಲ್ಲ.

ಹೊಸ ರಾಜ್ಯದಲ್ಲಿ ಅವರಿಗೆ ಬಂದ ಮೊದಲನೆಯ ದೊಡ್ಡ ಹೊಣೆಯು ಭೂಸುಧಾರಣಾ ಸಮಿತಿಯ ಅಧ್ಯಕ್ಷತೆ. ಇದರ ಕಠಿಣತೆಯನ್ನು ತುಸು ವಿವರಿಸಬೇಕು. ಒಂದುಗೂಡಿದ ನಾಡಿನಲ್ಲಿ ಉಳುವವನಿಗೂ ಒಡೆಯನಿಗೂ ಇರುವ ಸಂಬಂಧಕ್ಕೆ ಒಂದೇ ಕಾಯಿದೆ ಇರಲಿಲ್ಲ. ಬೆಳಗಾವಿ, ವಿಜಾಪುರ, ಧಾರವಾಡಗಳಿಗೆ ಮುಂಬಯಿಯ 1948ರ ಗೇಣಿಕಾಯಿದೆ, ಬೀದರ, ಕಲಬುರ್ಗಿ, ರಾಯಚೂರುಗಳಿಗೆ ಹೈದರಾಬಾದಿನ 1950ರ ಕಾಯಿದೆ, ಹಳೆಯ ಮೈಸೂರಿಗೆ 1952ರ ಕಾಯಿದೆ, ಕರಾವಳಿಗೆ ಮದ್ರಾಸಿನದು, ಕೊಡಗಿಗೆ ಬೇರೆಯದೇ. ಒಂದು ಜಿಲ್ಲೆಯಲ್ಲಿ ಒಕ್ಕಲನ್ನು ಬಿಡಿಸುವದು ಅಪರಾಧ, ಪಕ್ಕದ ಜಿಲ್ಲೆಯಲ್ಲಿ ಅದೇ ವಾಡಿಕೆ. ಇವೆಲ್ಲವನ್ನೂ ಒಂದು ಸೂತ್ರದಲ್ಲಿ ಪೋಣಿಸುವ ಕೆಲಸವು ಜತ್ತಿಯವರ ಸಮಿತಿಗೆ ಬಂದಿತು. ಅದರ ಶಿಫಾರಸುಗಳ ಆಧಾರದ ಮೇಲೆಯೇ 1961ರ ಮೈಸೂರು ಭೂಸುಧಾರಣಾ ಕಾಯಿದೆಯು ರೂಪುಗೊಂಡಿತು.

ಮುಖ್ಯಮಂತ್ರಿಪದವಿ

1958ರಲ್ಲಿ ಕಾಂಗ್ರೆಸ್ ಶಾಸಕರಲ್ಲಿ ಭಿನ್ನಾಭಿಪ್ರಾಯವು ಬಲಿತು ನಿಜಲಿಂಗಪ್ಪನವರು ಪದವಿಯನ್ನು ಬಿಟ್ಟರು. ಪ್ರಬಲವಾದ ಸ್ಪರ್ಧೆಯ ನಡುವೆ ಜತ್ತಿಯವರು ಶಾಸಕಪಕ್ಷದ ನಾಯಕರಾಗಿ ಆಯ್ಕೆಗೊಂಡು, ಮೇ 16ನೆಯ ತಾರೀಖಿಗೆ ಮುಖ್ಯಮಂತ್ರಿಗಳಾದರು. 1962ರ ಮಾರ್ಚದ ವರೆಗೆ ಸುಮಾರು ನಾಲ್ಕು ವರುಷ ಅವರ ಆಡಳಿತವು ನಡೆಯಿತು.

ಈ ಅವಧಿಯ ಎರಡು ಕಾರ್ಯಗಳನ್ನು ಮುಖ್ಯವಾಗಿ ಹೇಳಬೇಕು. ಮೊದಲನೆಯದು, 1959ರ ಗ್ರಾಮ ಪಂಚಾಯತಿ ಹಾಗೂ ಸ್ಥಳೀಯ ಮಂಡಳಿಗಳ ಕಾಯಿದೆ. ಭೂಮಿಯ ಕಾಯಿದೆಯಂತೆ ಪಂಚಾಯತಿಯ ಕಾಯಿದೆಯೂ ಭಾಗಭಾಗಕ್ಕೆ ಬೇರೆಯಾಗಿದ್ದಿತು. ಈ ಶಾಸನದಿಂದ ನಾಡಿಗೆಲ್ಲ ಒಂದೇ ಕ್ರಮ ಬಂದಿತು: ಹಳ್ಳಿಗೆ ಪಂಚಾಯತಿ, ತಾಲೂಕಿಗೆ ಚುನಾಯಿತ ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು. ಜಿಲ್ಲೆಯ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷನಾಗಿದ್ದು, ಅದಕ್ಕೆ ಸಲಹೆ ಕೊಡುವ ಅಧಿಕಾರವಷ್ಟೇ ಇದ್ದದ್ದು ಈ ಕಟ್ಟಡದ ಕೊರತೆಯಾಗಿದ್ದಿತು. ಆದರೂ 1980ರ ದಶಕದಲ್ಲಿ ಜಿಲ್ಲಾ ಪರಿಷತ್ತುಗಳ ಹೊಸ ವ್ಯವಸ್ಥೆಯು ಬರುವ ವರೆಗೆ ನಮ್ಮ ಹಳ್ಳಿಗಳ ಸ್ವಯಮಾಡಳಿತವು ಇದೇ ಅಡಿಪಾಯದ ಮೇಲೆ ನಿಂತಿದ್ದಿತು.

ಎರಡನೆಯದು, ಮೇಲೆ ಹೇಳಿದ ಭೂಸುಧಾರಣಾ ಕಾಯಿದೆ. ಗೇಣಿಗೆ ಮಿತಿಯನ್ನೂ ಹಿಡುವಳಿಗೆ ಮೇರೆಯನ್ನೂ ಅದು ಹಾಕಿತು. ಆದರೆ ಒಡೆಯನು ಸ್ವಂತ ಸಾಗುವಳಿಗೆಂದು ಭೂಮಿಯನ್ನು ಮರಳಿ ಪಡೆಯಲು ಅವಕಾಶವನ್ನೂ ಕೊಟ್ಟಿತು. ಕಾಯಿದೆಯು ಜಾರಿಗೆ ಬಂದದ್ದೂ ತಡವಾಗಿ, 1965ರ ಅಕ್ಟೋಬರ 2ಕ್ಕೆ. ಇಷ್ಟರಲ್ಲಿ ಎಷ್ಟೋ ಒಡೆಯರು ಎಚ್ಚತ್ತುಕೊಂಡಿದ್ದರು. ಉಳುವವನಿಗೆ ಸಂಪೂರ್ಣ ಹಕ್ಕು ಬರಲಿಕ್ಕೆ ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯನ್ನೇ ಕಾಯಬೇಕಾಯಿತು. ಇದನ್ನು ಹೇಳುವದರಿಂದ ಜತ್ತಿಯವರ ಶ್ರಮಕ್ಕೆ ಕುಂದು ಬರುವದಿಲ್ಲ. ಐದು ಬಗೆಯ ಕಾಯಿದೆಗಳನ್ನು ಒಂದು ಮಾಡದಿದ್ದರೆ, ತಿದ್ದಲಿಕ್ಕೆ ತಾನೆ ಏನಿರುತ್ತಿದ್ದಿತು? ಮೊದಲನೆಯ ಉಳುಮೆಯಲ್ಲಿ ಕಲ್ಲುಗಳು ಮೇಲೆ ಬರುವದೇ ಹೆಚ್ಚು; ಬೆಳೆಯು ಬಳಿಕ.

ಇಲ್ಲಿ ನಮ್ಮ ಸಮಾಜವು ಕೇಳಿಕೊಳ್ಳತಕ್ಕ ಒಂದು ಮಾತುಂಟು. 1956ರಿಂದ 1971ರ ವರೆಗೆ ಈ ರಾಜ್ಯದ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ ಈ ನಾಲ್ವರೂ ವೀರಶೈವ ಲಿಂಗಾಯತ ಸಮಾಜದವರು. ಏಕೀಕರಣವಾಗುವ ಮುಂಚೆ ಹಳೆಯ ಮೈಸೂರಿನ ಕೆಲವರು ಅದನ್ನು ವಿರೋಧಿಸಿದ್ದಕ್ಕೆ ಒಂದು ಸಮಾಜದ ಪ್ರಾಬಲ್ಯವು ಹೆಚ್ಚೀತೆಂಬ ಭಯವೂ ಕಾರಣವಾಗಿದ್ದಿತು. ಇದನ್ನು ನಾವು ಬರಿಯ ಅಭಿಮಾನದಿಂದ ಎಣಿಸಿಕೊಂಡರೆ ಸಾಲದು. ಪದವಿಗೆ ಬಂದವನು ತನ್ನವನೆಂದು ಹಿಗ್ಗುವದಕ್ಕಿಂತ, ಪದವಿಗೆ ಬಂದವನು ತನ್ನವರಲ್ಲದವರಿಗೆ ಏನು ಮಾಡಿದನೆಂದು ಕೇಳುವದು ಶರಣಧರ್ಮಕ್ಕೆ ಹೆಚ್ಚು ಹತ್ತಿರದ್ದು. ಪಂಚಾಯತಿ ಮತ್ತು ಭೂಮಿ ಈ ಎರಡು ಶಾಸನಗಳನ್ನು ನೋಡಬೇಕಾದದ್ದು ಈ ಕಣ್ಣಿನಿಂದಲೇ.

ಇಳಿದು ನಿಂತ ಕಾಲ

1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರೂ ಪಕ್ಷದ ಒಲವು ಅವರ ಕಡೆಗೇ ಇದ್ದಿತು. ಶ್ರೀ ಎಸ್. ಆರ್. ಕಂಠಿಯವರು ಸುಮಾರು ನೂರು ದಿವಸ ಮುಖ್ಯಮಂತ್ರಿಗಳಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದ ಬಳಿಕ ಅವರಿಗೆ ಸ್ಥಾನವನ್ನು ಬಿಟ್ಟುಕೊಟ್ಟರು. ಕಂಠಿಯವರ ಈ ನಡತೆಯನ್ನು ಜನರು ಭರತನ ಪಾದುಕಾಪಟ್ಟಾಭಿಷೇಕಕ್ಕೆ ಹೋಲಿಸಿದ್ದುಂಟು. ಜತ್ತಿಯವರ ನಡತೆಯೂ ಅಷ್ಟೇ ಗಮನಿಸತಕ್ಕದ್ದು. ನಾಲ್ಕು ವರುಷ ಮುಖ್ಯಮಂತ್ರಿಗಳಾಗಿದ್ದ ಅವರು 1962ರ ಜುಲೈ ತಿಂಗಳಲ್ಲಿ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಅರ್ಥಮಂತ್ರಿಗಳಾಗಲು ಒಪ್ಪಿದರು. 1965ರಲ್ಲಿ ಆಹಾರದ ಇಲಾಖೆಯನ್ನು ವಹಿಸಿಕೊಂಡರು. ಅವು ಮಳೆ ತಪ್ಪಿ ಧಾನ್ಯದ ಕೊರತೆಯು ದೇಶವನ್ನೆಲ್ಲ ಕಾಡುತ್ತಿದ್ದ ವರುಷಗಳು. ಆಹಾರದ ಇಲಾಖೆಯಲ್ಲಿ ಕೀರ್ತಿಗಿಂತ ಬೈಗಳವೇ ಹೆಚ್ಚು. ಮೊದಲು ದಿವಾಣಗಿರಿಯಿಂದ ವಕೀಲಿಗೆ, ಈಗ ಮುಖ್ಯಮಂತ್ರಿಪದದಿಂದ ಮಂತ್ರಿಪದಕ್ಕೆ: ಎರಡು ಸಲವೂ ಅವರು ಇಳಿದರು, ಕೆಲಸವನ್ನು ಮಾತ್ರ ಬಿಡಲಿಲ್ಲ.

ಇದೇ ಕಾಲದಲ್ಲಿ, 1964ರಲ್ಲಿ, ಬೆಂಗಳೂರಿನಲ್ಲಿ ಬಸವ ಸಮಿತಿಯು ಸ್ಥಾಪಿತವಾಯಿತು. ಜತ್ತಿಯವರೇ ಅದರ ಸಂಸ್ಥಾಪಕ ಅಧ್ಯಕ್ಷರು. ಬಸವಾದಿ ಶರಣರ ವಚನಗಳನ್ನು ಕನ್ನಡಿಗರಲ್ಲದವರಿಗೂ ಮುಟ್ಟಿಸಬೇಕೆಂಬದು ಅದರ ಸಂಕಲ್ಪ. ಸಮಿತಿಯು ಪತ್ರಿಕೆಗಳನ್ನೂ ಗ್ರಂಥಗಳನ್ನೂ ಪ್ರಕಟಿಸುತ್ತ ಬಂದಿತು. ಮುಂದಿನ ಕಾಲದಲ್ಲಿ ವಚನಗಳನ್ನು ಭಾರತದ ಅನೇಕ ಭಾಷೆಗಳಿಗೆ ಪರಿವರ್ತಿಸುವ ಮಹಾಕಾರ್ಯವೂ ಅದರಿಂದಲೇ ನಡೆಯಿತು. ಜತ್ತಿಯವರು ಹಿಡಿದ ಸರಕಾರಿ ಪದವಿಗಳೆಲ್ಲ ಅವಧಿ ತೀರಿ ಮುಗಿದವು. ಅವಧಿಯಿಲ್ಲದೆ ಕೊನೆಯ ತನಕ ಅವರ ಜೊತೆಗೆ ಉಳಿದದ್ದು ಈ ಒಂದು ಕಾಯಕವೇ.

ಒರಿಸ್ಸಾದ ಪ್ರಸಂಗ

1968ರ ಅಕ್ಟೋಬರದಲ್ಲಿ ಅವರು ಪಾಂಡಿಚೇರಿಯ ಉಪರಾಜ್ಯಪಾಲರಾಗಿ ಹೋದರು. ಇದರಿಂದ 1969ರಲ್ಲಿ ಕಾಂಗ್ರೆಸ್ಸು ಇಬ್ಭಾಗವಾದಾಗ ಅವರು ಆ ಕಲಹದಿಂದ ಹೊರಗುಳಿದಂತಾಯಿತು. ಆ ಒಡಕಿನ ಒಂದು ಕಡೆಗೆ ನಿಜಲಿಂಗಪ್ಪನವರೇ ಅಖಿಲ ಭಾರತದ ಅಧ್ಯಕ್ಷರಾಗಿ ನಿಂತಿದ್ದರು. 1972ರ ನವಂಬರದಲ್ಲಿ ಜತ್ತಿಯವರು ಒರಿಸ್ಸಾದ ರಾಜ್ಯಪಾಲರಾದರು.

ಇಲ್ಲಿ ಅವರ ಜೀವನದ ಅತ್ಯಂತ ವಿವಾದಾಸ್ಪದವಾದ ನಿರ್ಣಯವೊಂದು ಬರುವದು. 1973ರ ಮಾರ್ಚ ಆರಂಭದಲ್ಲಿ ಮುಖ್ಯಮಂತ್ರಿಣಿಯಾದ ನಂದಿನಿ ಸತ್ಪತಿಯವರು, ಪಕ್ಷದ ಶಾಸಕರು ಕೆಲವರು ಬಿಟ್ಟುಹೋದ ಕಾರಣ ಬಹುಮತ ಕಳೆದುಕೊಂಡು ರಾಜೀನಾಮೆಯನ್ನಿತ್ತು, ಸಭೆಯನ್ನು ವಿಸರ್ಜಿಸಬೇಕೆಂದು ಸಲಹೆ ಮಾಡಿದರು. ವಿರೋಧಪಕ್ಷದ ನಾಯಕರಾದ ಬಿಜು ಪಟ್ನಾಯಕರು ತಮಗೆ ಬಹುಮತವಿದೆಯೆಂದೂ ಸರಕಾರವನ್ನು ರಚಿಸಲು ತಮ್ಮನ್ನು ಕರೆಯಬೇಕೆಂದೂ ಕೇಳಿದರು. ರಾಜ್ಯಪಾಲರು ಅವರನ್ನು ಕರೆಯಲಿಲ್ಲ. ಪಕ್ಷಾಂತರಿಗಳ ಬಲದ ಮೇಲೆ ನಿಂತ ಸರಕಾರವು ಸ್ಥಿರವಾಗಿ ಉಳಿಯಲಾರದೆಂಬದು ಅವರ ಎಣಿಕೆ. ಮಾರ್ಚ 3ಕ್ಕೆ ರಾಷ್ಟ್ರಪತಿಯ ಆಳ್ವಿಕೆಯು ಬಂದಿತು, ಸಭೆಯು ವಿಸರ್ಜಿತವಾಯಿತು. ವಿಷಯವು ಒರಿಸ್ಸಾದ ಉಚ್ಚ ನ್ಯಾಯಾಲಯದ ವರೆಗೂ ಹೋಯಿತಾದರೂ ಘೋಷಣೆಯು ಉಳಿಯಿತು. 1974ರಲ್ಲಿ ಹೊಸ ಚುನಾವಣೆಯಾಯಿತು.

ಈ ನಿರ್ಣಯವು ಯೋಗ್ಯವೇ? ಪಕ್ಷಾಂತರದ ಪಿಡುಗು ಆ ಕಾಲದಲ್ಲಿ ನಿಜವಾದದ್ದೇ. ಆದರೆ ಯಾರಿಗೆ ಬಹುಮತವಿದೆಯೆಂಬದನ್ನು ಎಣಿಸುವ ಸ್ಥಳವು ಸಭೆಯ ಅಂಗಳವೇ ಹೊರತು ರಾಜಭವನವಲ್ಲ. ಈ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟವಾಗಿ ಸಾರಿದ್ದು 1994ರಲ್ಲಿ. ಅದೂ ನಮ್ಮ ನಾಡಿನ ಮುಖ್ಯಮಂತ್ರಿಗಳಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಹೆಸರಿನಲ್ಲಿ ನಡೆದ ಮೊಕದ್ದಮೆಯಲ್ಲಿ. 1989ರಲ್ಲಿ ಸಭೆಯ ಮುಂದೆ ಬಹುಮತವನ್ನು ತೋರಿಸಲು ಅವಕಾಶವಿಲ್ಲದೆ ಅವರ ಸರಕಾರವನ್ನು ತೆಗೆದುಹಾಕಿದ್ದರು. ಇಪ್ಪತ್ತೈದು ವರುಷಗಳಿಗೂ ಮಿಕ್ಕಿ ಪುರಸಭೆ, ಶಾಸನಸಭೆಗಳಲ್ಲಿ ಪಳಗಿದ ಜತ್ತಿಯವರು 1973ರಲ್ಲಿ ಈ ಮಾರ್ಗವನ್ನು ಹಿಡಿದಿದ್ದರೆ ಅವರ ಕೀರ್ತಿಯು ಇನ್ನೂ ನಿರ್ಮಲವಾಗುತ್ತಿದ್ದಿತೆಂದು ಹೇಳದೆ ಗತಿಯಿಲ್ಲ.

ಒಂದು ದಿನದ ವಿಲಂಬ

1974ರ ಆಗಸ್ಟದಲ್ಲಿ ಉಪರಾಷ್ಟ್ರಪತಿಯ ಸ್ಥಾನಕ್ಕೆ ಚುನಾವಣೆಯಾಯಿತು. ಜತ್ತಿಯವರಿಗೆ 521 ಮತಗಳೂ ಪ್ರತಿಸ್ಪರ್ಧಿಗಳಾದ ಎನ್. ಇ. ಹೊರೋ ಅವರಿಗೆ 141 ಮತಗಳೂ ಬಂದವು. ಆಗಸ್ಟ 31ಕ್ಕೆ ಅಧಿಕಾರವನ್ನು ವಹಿಸಿಕೊಂಡು ರಾಜ್ಯಸಭೆಯ ಸಭಾಪತಿಗಳಾದರು. ಮರುವರುಷವೇ ತುರ್ತುಪರಿಸ್ಥಿತಿಯು ಬಂದಿತು. 1976ರಲ್ಲಿ ರಾಜ್ಯಘಟನೆಯ ನಾಲ್ವತ್ತೆರಡನೆಯ ತಿದ್ದುಪಡಿಯು ಸಂಸತ್ತಿನಲ್ಲಿ ಅಂಗೀಕೃತವಾಯಿತು. ಆ ತಿದ್ದುಪಡಿಯಲ್ಲಿ ಎರಡು ಮಾತುಗಳಿದ್ದವು: ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿಯು ನಡೆಯತಕ್ಕದ್ದು; ಲೋಕಸಭೆ, ವಿಧಾನಸಭೆಗಳ ಅವಧಿಯು ಐದರ ಬದಲು ಆರು ವರುಷ. ಸ್ವಲ್ಪ ದಿನಗಳಲ್ಲಿಯೇ ಈ ಎರಡೂ ಮಾತುಗಳು ಜತ್ತಿಯವರ ಮೇಲೆಯೇ ಬಂದು ಎರಗಿದವು.

1977ನೆಯ ಫೆಬ್ರುವರಿ 11ಕ್ಕೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅದೇ ದಿವಸ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಮಾರ್ಚದ ಚುನಾವಣೆಯಲ್ಲಿ ಕಾಂಗ್ರೆಸ್ಸು ಉತ್ತರ ಹಿಂದುಸ್ತಾನದಲ್ಲಿ ನೆಲಕಚ್ಚಿತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸ್ಥಾನಗಳನ್ನು ಗೆದ್ದಿತು. ಮಾರ್ಚ 24ಕ್ಕೆ ಜತ್ತಿಯವರು ತಮ್ಮ ಹಳೆಯ ಮುಖ್ಯಮಂತ್ರಿ ಮೊರಾರಜಿ ದೇಸಾಯಿಯವರಿಗೆ ಪ್ರಧಾನಮಂತ್ರಿಯ ಪ್ರಮಾಣವಚನವನ್ನು ಬೋಧಿಸಿದರು.

ಏಪ್ರಿಲ್ ತಿಂಗಳಲ್ಲಿ ಬಿರುಗಾಳಿ ಎದ್ದಿತು. ಗೃಹಮಂತ್ರಿಗಳಾದ ಚೌಧುರಿ ಚರಣಸಿಂಗರು 18ನೆಯ ತಾರೀಖಿಗೆ ಕಾಂಗ್ರೆಸ್ ಆಳ್ವಿಕೆಯಿದ್ದ ಒಂಬತ್ತು ರಾಜ್ಯಗಳಿಗೆ ಪತ್ರ ಬರೆದು, ವಿಧಾನಸಭೆಗಳನ್ನು ವಿಸರ್ಜಿಸಿ ಜನರ ಅಭಿಪ್ರಾಯವನ್ನು ಹೊಸದಾಗಿ ಪಡೆಯಬೇಕೆಂದು ಸೂಚಿಸಿದರು. ಉತ್ತರ ಪ್ರದೇಶ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಪಂಜಾಬ, ಹರಿಯಾಣ, ಹಿಮಾಚಲ, ಪಶ್ಚಿಮ ಬಂಗಾಲ, ಒರಿಸ್ಸಾ ಇವೇ ಆ ರಾಜ್ಯಗಳು. ಲೋಕಸಭಾ ಚುನಾವಣೆಯಲ್ಲಿ ಜನರು ತಿರಸ್ಕರಿಸಿದ ಪಕ್ಷವು ರಾಜ್ಯಗಳಲ್ಲಿ ಆಳುವದು ಸಲ್ಲದೆಂಬದು ಒಂದು ಕಡೆಯ ವಾದ. 1972ರಲ್ಲಿ ಚುನಾಯಿತವಾದ ಸಭೆಗಳ ಐದು ವರುಷಗಳೂ ಮುಗಿದಿದ್ದವು. ತಿದ್ದುಪಡಿಯ ಬಲದಿಂದಲೇ ಅವು ಬದುಕಿದ್ದವು. ಬಹುಮತವುಳ್ಳ ಸರಕಾರವನ್ನು ಬೇರೊಂದು ಚುನಾವಣೆಯ ಫಲವನ್ನು ನೋಡಿ ಕಿತ್ತುಹಾಕಲು ರಾಜ್ಯಘಟನೆಯಲ್ಲಿ ಆಧಾರವೆಲ್ಲಿದೆಯೆಂಬದು ಇನ್ನೊಂದು ಕಡೆಯ ವಾದ. ಇದರ ಹಿಂದೆ ಇನ್ನೊಂದು ಲೆಕ್ಕವೂ ಇದ್ದಿತು. ಆಗಸ್ಟದ ಒಳಗೆ ಹೊಸ ರಾಷ್ಟ್ರಪತಿಯನ್ನು ಆರಿಸಬೇಕಾಗಿದ್ದು, ಆ ಚುನಾವಣೆಯಲ್ಲಿ ವಿಧಾನಸಭೆಗಳ ಸದಸ್ಯರೂ ಮತದಾರರು.

ಕೆಲವು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯವನ್ನು ಮೊರೆಹೊಕ್ಕವು. ಏಳು ಮಂದಿ ನ್ಯಾಯಮೂರ್ತಿಗಳ ಪೀಠವು ಏಪ್ರಿಲ್ 29ಕ್ಕೆ ಅವರ ಮೊರೆಯನ್ನು ಏಕಾಭಿಪ್ರಾಯದಿಂದ ತಳ್ಳಿಹಾಕಿತು. ಮಂತ್ರಿಮಂಡಲದ ಸಲಹೆಯು ರಾಷ್ಟ್ರಪತಿಭವನಕ್ಕೆ ಹೋಯಿತು. ಜತ್ತಿಯವರು ಆ ದಿವಸ ಅಂಕಿತವನ್ನು ಹಾಕಲಿಲ್ಲ.

ಆ ಒಂದು ರಾತ್ರಿ ದೇಶವೆಲ್ಲ ತಲ್ಲಣಿಸಿತು. ಜತ್ತಿಯವರು ಕಾಂಗ್ರೆಸ್ಸಿನವರು, ಹಳೆಯ ಪಕ್ಷದ ಮೇಲಿನ ಮಮತೆಯಿಂದಲೇ ಹೀಗೆ ಮಾಡಿದರೆಂದು ವಿರೋಧಿಗಳು ಕೂಗಿದರು. ಒಂಬತ್ತು ರಾಜ್ಯಗಳ ಸಭೆಗಳನ್ನು ಒಂದೇ ಏಟಿಗೆ ಮುಗಿಸುವ ಕಾಗದದ ಮುಂದೆ ಯಾವ ವಿವೇಕಿಯಾದರೂ ಕ್ಷಣಕಾಲ ಕೈತಡೆಯುವದು ಸಹಜವೆಂದು ಇತರರು ಹೇಳಿದರು. ಮಂತ್ರಿಮಂಡಲವು ತನ್ನ ಸಲಹೆಯನ್ನು ದೃಢಪಡಿಸಿ ಒತ್ತಾಯಿಸಿತು. ಏಪ್ರಿಲ್ 30ಕ್ಕೆ ಜತ್ತಿಯವರು ಅಂಕಿತವನ್ನು ಹಾಕಿದರು. ಒಂಬತ್ತು ಸಭೆಗಳು ವಿಸರ್ಜಿತವಾದವು. ನಾಲ್ಕು ವರುಷಗಳ ಹಿಂದೆ ಅವರ ಶಿಫಾರಸಿನಿಂದ ಒರಿಸ್ಸಾದ ಒಂದು ಸಭೆಯು ಮುಗಿದಿದ್ದಿತು. ಅದರ ಬಳಿಕ ಚುನಾಯಿತವಾದ ಸಭೆಯೂ ಈಗ ಅವರ ಅಂಕಿತದಿಂದಲೇ ಮುಗಿಯಿತು.

ಈ ಪ್ರಸಂಗವನ್ನು ಹೇಗೆ ತೂಗಬೇಕು? ಅವರ ಅಂತರಂಗದಲ್ಲಿ ಪಕ್ಷಪ್ರೇಮವಿದ್ದಿತೇ ಧರ್ಮಸಂಕಟವಿದ್ದಿತೇ ಎಂದು ಹೊರಗಿನವರು ನಿರ್ಣಯಿಸುವದು ಸಾಹಸವಾದೀತು. ಹೊರಗೆ ಕಾಣುವದು ಇಷ್ಟು: ಸಲಹೆಯಂತೆ ನಡೆಯತಕ್ಕದ್ದೆಂದು ಘಟನೆಯು ಹೇಳುತ್ತಿದ್ದಿತು, ಸಲಹೆಯನ್ನು ಪುನರ್ವಿಚಾರಕ್ಕೆ ಕಳಿಸುವ ಸ್ಪಷ್ಟವಾದ ದಾರಿಯನ್ನು ಅದು ಕೊಟ್ಟಿರಲಿಲ್ಲ. ಅವರು ಒಂದು ದಿನ ನಿಂತರು, ಬಳಿಕ ನಿಯಮಕ್ಕೆ ತಲೆಬಾಗಿದರು. ತಮ್ಮ ಇಷ್ಟವನ್ನು ಘಟನೆಯ ಮೇಲೆ ಹೇರಲಿಲ್ಲ. 1978ರ ನಾಲ್ವತ್ತನಾಲ್ಕನೆಯ ತಿದ್ದುಪಡಿಯು, ರಾಷ್ಟ್ರಪತಿಯು ಸಲಹೆಯನ್ನು ಒಂದು ಸಲ ಪುನರ್ವಿಚಾರಕ್ಕೆ ಮರಳಿ ಕಳಿಸಬಹುದೆಂದೂ, ಎರಡನೆಯ ಸಲ ಬಂದದ್ದನ್ನು ಒಪ್ಪತಕ್ಕದ್ದೆಂದೂ ವಿಧಿಸಿತು. 1977ರ ಆ ರಾತ್ರಿ ಜತ್ತಿಯವರು ದಾರಿಯಿಲ್ಲದಲ್ಲಿ ನಿಂತ ಸ್ಥಳದಲ್ಲಿಯೇ ಈಗ ಕಾಯಿದೆಯ ದಾರಿಯೊಂದು ಇರುವದು.

ಉಪಸಂಹಾರ

1977ನೆಯ ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದರು. ಜತ್ತಿಯವರು ಮತ್ತೆ ಉಪರಾಷ್ಟ್ರಪತಿಯ ಪೀಠಕ್ಕೆ ಮರಳಿದರು. ಇದು ಅವರು ಇಳಿದ ಮೂರನೆಯ ಸಲ. ತಮ್ಮನ್ನು ಅಷ್ಟು ಟೀಕಿಸಿದ ಪಕ್ಷವೇ ಆಳುತ್ತಿದ್ದ ಕಾಲದಲ್ಲಿ ರಾಜ್ಯಸಭೆಯ ಸಭಾಪತಿತ್ವವನ್ನು ಮುಂದುವರಿಸಿ, 1979ರ ಆಗಸ್ಟದಲ್ಲಿ ಅವಧಿಯನ್ನು ಪೂರೈಸಿದರು. ಬಳಿಕ ಬೆಂಗಳೂರಿನಲ್ಲಿ ಬಸವ ಸಮಿತಿಯ ಕಾರ್ಯದಲ್ಲಿ ತೊಡಗಿದ್ದು, 2002ನೆಯ ಜೂನ್ 7ಕ್ಕೆ ಲಿಂಗೈಕ್ಯರಾದರು.

ಭಕ್ತಮಹಾಶಯರೇ, ಜತ್ತಿಯವರು ದೋಷರಹಿತರಾಗಿದ್ದರೆಂದು ಈ ಲೇಖಕನು ಹೇಳಲಾರನು. ಒರಿಸ್ಸಾದ ನಿರ್ಣಯವು ಪ್ರಶ್ನೆಗೆ ಒಳಗಾದದ್ದೇ. ಭೂಮಿಯ ಕಾಯಿದೆಯು ಅರ್ಧದಾರಿಯಲ್ಲಿ ನಿಂತದ್ದೇ. ಆದರೂ ಪುರಸಭೆಯ ಸದಸ್ಯತ್ವದಿಂದ ರಾಷ್ಟ್ರಪತಿಯ ಪೀಠದ ವರೆಗಿನ ನಾಲ್ವತ್ತು ವರುಷಗಳ ದಾರಿಯಲ್ಲಿ, ಏರುವಾಗ ಹೇಗೋ ಇಳಿಯುವಾಗಲೂ ಹಾಗೆಯೇ ಸಮಾಧಾನದಿಂದ ನಡೆದವರು ನಮ್ಮ ರಾಜಕಾರಣದಲ್ಲಿ ವಿರಳ. ಏರುವ ವಿದ್ಯೆಯನ್ನು ಕಲಿಸುವವರು ಬೇಕಾದಷ್ಟು ಮಂದಿ ಇರುವರು. ಇಳಿಯುವ ವಿದ್ಯೆಯು ಮಠಗಳಲ್ಲಿಯೇ ಕಲಿಯತಕ್ಕದ್ದು. ಏಕೆಂದರೆ ಪೀಠವು ತನ್ನದಲ್ಲ, ತಾನು ಪೀಠದವನು ಎಂಬ ಅರಿವು ಇಲ್ಲಿಯ ಮೊದಲನೆಯ ಪಾಠ. ಅಧಿಕಾರವು ಕಾಯಕವಾದರೆ ಅದು ಮುಗಿದ ದಿವಸ ದುಃಖವಿಲ್ಲ; ಸ್ವತ್ತಾದರೆ ಅದು ಮುಗಿಯುವ ಭಯವೇ ಮನುಷ್ಯನನ್ನು ಕೆಡಿಸುವದು. ಶ್ರೀಮಠದ ಶಿಷ್ಯವರ್ಗದಲ್ಲಿ ಇಂದು ಪಂಚಾಯತಿಗಳಲ್ಲಿ, ಶಾಸನಸಭೆಗಳಲ್ಲಿ ಕುಳಿತವರಿರಬಹುದು. ನಾಳೆ ಕುಳಿತುಕೊಳ್ಳುವ ಬಾಲಕರೂ ಇರಬಹುದು. ಅವರು ಜತ್ತಿಯವರ ಪದವಿಗಳ ಪಟ್ಟಿಯನ್ನು ಬಾಯಿಪಾಠ ಮಾಡುವದರಿಂದ ಪ್ರಯೋಜನವಿಲ್ಲ. ದಿವಾಣಗಿರಿಯನ್ನು ಮುಗಿಸಿ ವಕೀಲಿಗೆ ಮರಳಿದ ಆ ಇಪ್ಪತ್ತು ತಿಂಗಳುಗಳನ್ನೂ, ಅಂಕಿತ ಹಾಕುವ ಮುಂಚೆ ತಡೆದು ನಿಂತ ಆ ಒಂದು ರಾತ್ರಿಯನ್ನೂ ನೆನಪಿನಲ್ಲಿಟ್ಟರೆ ಸಾಕು.